ಅಡುಗೆಮನೆಯ ಗೋಡೆಗೆ ಬರುತ್ತಿದ್ದ ಗಾಡಿ

ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಬೇರೆಯವರು ಸೆರಗು ಅಡ್ಡ ಹಿಡಿಯುತ್ತಾರೆ, ನಾನು ಇನ್ನೊಂದು ಉಸಿರು ಜಾಸ್ತಿಯೇ ಎಳೆದುಕೊಳ್ಳುತ್ತೇನೆ. ಏನು ಮಾಡಲಿ, ಅದು ನನ್ನ ಅಮ್ಮನ ವಾಸನೆ. ಅಮ್ಮ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಬೆಳಿಗ್ಗೆ ಭದ್ರಾವತಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿದರೆ ವಾಪಸು ಬರುವುದು ಸಂಜೆ ಗಾಡಿಯಲ್ಲಿ. ಕಿಟಕಿ ಪಕ್ಕ ಕೂತು ಬಂದ ಅವಳ ಸೀರೆಯಲ್ಲಿ ಹೊಗೆಯೂ ಹೊಲಿಗೆ ಮಷಿನ್ನಿನ ಎಣ್ಣೆಯೂ ಕಲಸಿಕೊಂಡಿರುತ್ತಿದ್ದವು. ಸೆರಗಿಗೆ ಅಂಟಿದ ಬಣ್ಣದ ದಾರದ ತುಣುಕುಗಳನ್ನು ಆರಿಸುವುದು ನನ್ನ ಕೆಲಸ.

ಭದ್ರಾವತಿ ಸ್ಟೇಷನ್ನಿನ ಹಿಂದಿನ ವಠಾರದಲ್ಲಿ ನಮ್ಮ ಬಾಡಿಗೆ ಮನೆ. ನನಗೆ ಬುದ್ಧಿ ತಿಳಿಯುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಅಮ್ಮ, ನಾನು, ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಇಷ್ಟೇ ಜನ. ಪ್ರಾಯದಲ್ಲಿ ಬಂದ ಜ್ವರವೊಂದು ದೊಡ್ಡಮ್ಮನ ಎರಡೂ ಕಿವಿ ಕಿತ್ತುಕೊಂಡು ಹೋಗಿತ್ತು. ಮಾತು ಮಾತ್ರ ಗಟ್ಟಿ, ಬೀದಿಯ ಕೊನೆಗೂ ಕೇಳಬೇಕು. ಕಿವಿಯ ಕೆಲಸವನ್ನು ಅವಳ ಅಂಗೈ ಮಾಡುತ್ತಿತ್ತು. ಸಂಜೆಯಾಯಿತೆಂದರೆ ಡಿಕಾಕ್ಷನ್ ಇಳಿಸಿಟ್ಟು, ಒಲೆಯ ಪಕ್ಕದ ಗೋಡೆಗೆ ಬಲಗೈ ಒತ್ತಿ ನಿಲ್ಲುತ್ತಿದ್ದಳು. ಎಂಜಿನ್ ಬಂದು ನಿಲ್ಲುವ ಜಾಗ ಸರಿಯಾಗಿ ನಮ್ಮ ಅಡುಗೆಮನೆಯ ಹಿಂದೆ. ಡೀಸೆಲ್ ಎಂಜಿನ್ ನಿಂತಲ್ಲೂ ಸುಮ್ಮನಿರುವ ಜಾತಿಯಲ್ಲ, ಗುಡುಗುಡು ಅನ್ನುತ್ತಲೇ ಇರಬೇಕು. ಗೋಡೆ ಅದುರುತ್ತಿತ್ತು, ಶೆಲ್ಫಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಆಗ ದೊಡ್ಡಮ್ಮನ ಮುಖ ನೋಡಬೇಕಿತ್ತು ನೀವು. "ಸರೋಜ ಬಂದ್ಲು, ಹಾಲಿಡು" ಅನ್ನುತ್ತಿದ್ದಳು. ಅಮ್ಮ ಚಪ್ಪಲಿ ಬಿಡುವಷ್ಟರಲ್ಲಿ ಕಿಟಕಿ ಹತ್ತಿರ ಕಾಫಿ ಲೋಟ ಇರುತ್ತಿತ್ತು.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ಕಾಮಾಲೆಯಾಯಿತು. ಅಂಗಡಿಯಿಂದಲೇ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ಎದ್ದು ಬರಲಿಲ್ಲ. ಒಂದು ಮಧ್ಯಾಹ್ನ ವ್ಯಾನಿನಲ್ಲಿ ಹೆಣ ತಂದರು, ಬೆಳಕಿರುವಾಗಲೇ ಎಲ್ಲ ಮುಗಿಸಿದರು. ಸಂಜೆ ಗೋಡೆ ಅದುರಿತು. ಮನೆ ತುಂಬ ನೆಂಟರು. ದೊಡ್ಡಮ್ಮ ಎದ್ದು ಹೋಗಿ ಗೋಡೆಗೆ ಕೈ ಇಟ್ಟಳು. ಆಮೇಲೆ ಒಂದು ಲೋಟ ಕಾಫಿ ಬೆರೆಸಿ ತಂದು ಕಿಟಕಿ ಹತ್ತಿರ ಇಟ್ಟಳು. ಯಾರೋ ಅವಳ ಕೈ ಹಿಡಿದರು. "ವ್ಯಾನಲ್ಲಿ ಬಂದಿದ್ದು ಯಾರೋ ಏನೋ. ನಮ್ಮ ಸರೋಜ ಗಾಡೀಲೇ ಬರೋದು" ಅಂದಳು. ನಾನೂ ಬಾಗಿಲ ಕಡೆ ನೋಡಿದೆ, ಸುಳ್ಳೇಕೆ ಹೇಳಲಿ.

ಅಂದಿನಿಂದ ದಿನವೂ ಆ ಲೋಟ ಅಲ್ಲಿರುತ್ತಿತ್ತು. ಕೆನೆಗಟ್ಟಿ ತಣ್ಣಗಾದ ಕಾಫಿಯನ್ನು ನಾನೇ ಬಚ್ಚಲಿಗೆ ಚೆಲ್ಲುತ್ತಿದ್ದೆ. ಮುಂದೆ ನನಗೂ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿ, ಅದೇ ಸಂಜೆ ಗಾಡಿಯಲ್ಲಿ ಬರತೊಡಗಿದ ಮೇಲೆ ಆ ಕಾಫಿಗೆ ಕುಡಿಯುವವರು ಸಿಕ್ಕಂತಾಯಿತು. ಅದು ನನಗೆ ಇಟ್ಟದ್ದೋ ಅಮ್ಮನಿಗೋ ವಿಚಾರಿಸಲು ಧೈರ್ಯವಾಗಲಿಲ್ಲ. ಸುಮ್ಮನೆ ಕುಡಿದೆ, ವರ್ಷಗಟ್ಟಲೆ ಕುಡಿದೆ.

ಆಮೇಲೆ ಹಳಿಯುದ್ದಕ್ಕೂ ಕಂಬ ನೆಟ್ಟರು, ತಂತಿ ಎಳೆದರು, ಕರೆಂಟ್ ಎಂಜಿನ್ ಬಂತು. ಒಣಹಾಕಿದ ಬಟ್ಟೆಗೆ ಮಸಿ ಕೂರುವುದು ತಪ್ಪಿತು ಎಂದು ವಠಾರದವರೆಲ್ಲ ಖುಷಿಪಟ್ಟರು. ಒಳ್ಳೆಯದೇ, ನಾನೇನು ಬೇಡವೆನ್ನಲಿಲ್ಲ. ಆದರೆ ಅದು ಬೆಕ್ಕಿನ ಹಾಗೆ ಬಂದು ನಿಲ್ಲುತ್ತಿತ್ತು. ಬೋಗಿಗಳ ಭಾರಕ್ಕೆ ಗೋಡೆ ಒಂಚೂರು ನಡುಗಿರಬಹುದು, ಮುದಿ ಅಂಗೈಗೆ ಅಷ್ಟು ಸಾಲದು. ಮೊದಲ ದಿನ ನಾನು ಒಳಗೆ ಬಂದಾಗ ದೊಡ್ಡಮ್ಮ ಗೋಡೆಗೆ ಕೈ ಒತ್ತಿ ನಿಂತೇ ಇದ್ದಳು. ಭುಜ ಮುಟ್ಟಿದೆ. ತಿರುಗಿದವಳು ನನ್ನ ಮುಖ ನೋಡಿ ಹಿಂದೆ ಹಿಂದೆ ಸರಿದು ಒಲೆಕಟ್ಟೆಗೆ ಒರಗಿಬಿಟ್ಟಳು.

"ಗಾಡಿ ಬಂದಿಲ್ಲ. ನೀನು ಹೆಂಗೆ ಬಂದೆ ಮಾರಾಯ್ತಿ?"

ಗಾಡಿಯಿಲ್ಲದೆ ಬಂದ ನಾನು ಅವಳ ಕಣ್ಣಿಗೆ ಆ ವ್ಯಾನಿನಲ್ಲಿ ಬಂದ ಹೆಣವಾಗಿದ್ದೆ. ನನ್ನ ಹಣೆ, ಕೆನ್ನೆ, ಕೈ ಎಲ್ಲ ಮುಟ್ಟಿ, ಬೆಚ್ಚಗಿದೆ ಎಂದು ಗೊತ್ತಾದ ಮೇಲೆಯೇ ಹಾಲಿಟ್ಟದ್ದು. ಕೈಸನ್ನೆಯಲ್ಲಿ ಕಂಬ, ತಂತಿ ಎಲ್ಲ ವಿವರಿಸಿದೆ. ತಲೆಯಾಡಿಸಿದಳು. ಮರುದಿನ ಮತ್ತೆ ಅದೇ ಭಯ. ಕೊನೆಗೆ ನಾನೇ ಗಾಡಿಯಾದೆ. ಸ್ಟೇಷನ್ನಿನಲ್ಲಿ ಇಳಿದವಳು ನೇರ ಮನೆಯ ಹಿಂದಕ್ಕೆ ಹೋಗಿ ಅಡುಗೆಮನೆಯ ಗೋಡೆಗೆ ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದೆ. ಪಕ್ಕದ ಮನೆಯ ಸೆಲ್ವಿ, "ಏನಕ್ಕಾ, ಗೋಡೆ ಬೀಳ್ಸಿ ಒಳಗೆ ಹೋಗ್ಬೇಕಾ?" ಎಂದು ನಗುತ್ತಿದ್ದಳು. ನನಗೂ ನಗು ಬರುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ಗಟ್ಟಿ ದನಿ ಕೇಳುತ್ತಿತ್ತು, "ಬಂದ್ಲು" ಎಂದು. ಯಾರು ಎಂದು ಮಾತ್ರ ಅವಳು ಹೇಳುತ್ತಿರಲಿಲ್ಲ.

ಕಳೆದ ವರ್ಷ ದೊಡ್ಡಮ್ಮನೂ ಹೋದಳು. ಮನೆ ಬಿಟ್ಟುಕೊಡುವ ದಿನ, ಸಾಮಾನೆಲ್ಲ ಆಟೋದಲ್ಲಿ ಹೋದ ಮೇಲೆ, ಗುಡಿಸಲೆಂದು ಒಬ್ಬಳೇ ಉಳಿದೆ. ಒಲೆಯ ಪಕ್ಕದ ಗೋಡೆಯಲ್ಲಿ ಅವಳ ಕೈ ತಾಗಿ ತಾಗಿ ಸುಣ್ಣ ಹೋಗಿ ಎಣ್ಣೆಗಪ್ಪಾದ ಜಾಗವೊಂದಿತ್ತು. ಅಲ್ಲಿ ನನ್ನ ಅಂಗೈ ಇಟ್ಟೆ. ಗೋಡೆ ತಣ್ಣಗಿತ್ತು. ಹೊರಗೆ ಸಂಜೆಯಾಗುತ್ತಿತ್ತು. ಹಳಿಗೆ ಜಲ್ಲಿ ತರುವುದಕ್ಕೆ ಈಗಲೂ ಅಪರೂಪಕ್ಕೊಂದು ಡೀಸೆಲ್ ಎಂಜಿನ್ ಬರುವುದುಂಟು, ಅಂದು ಅದೇ ಇರಬೇಕು. ಗೋಡೆ ಅದುರಿತು, ಬೆರಳ ತುದಿಯಿಂದ ಮೊಣಕೈವರೆಗೂ ಅದುರಿತು. ತೆರೆದ ಕಿಟಕಿಯಿಂದ ಹೊಗೆಯ ವಾಸನೆ ಒಳಗೆ ಬಂತು.

"ಬಂದ್ಲು" ಎಂದು ಗಟ್ಟಿಯಾಗಿ ಹೇಳಿ, ಹಾಲಿಡುವ ಪಾತ್ರೆಗೆಂದು ಕೈ ಚಾಚಿದೆ. ಶೆಲ್ಫು ಖಾಲಿಯಿತ್ತು.