ಅರ್ಧಕ್ಕೆ ನಿಂತ ಸಾಲು

ನಿನ್ನೆ ಐಗಳಿಯ ರೈತರೊಬ್ಬರು ಮನೂಕದ ಪೊಟ್ಟಣ ಕಳಿಸಿದ್ದರು. ಬಿಚ್ಚಿದೊಡನೆ ಒಣದ್ರಾಕ್ಷಿಯ ಆ ಸಿಹಿ ವಾಸನೆ, ಅದರೊಳಗೆ ಸಣ್ಣಗೆ ಗಂಧಕದ ಘಾಟು... ಪಕ್ಕದ ಮನೆಯ ವಹಿನಿ ನೆನಪಾಗಿಬಿಟ್ಟರು. "ಯಾಕ್ರೀ, ಒಬ್ಬರ ನಗಾಕತ್ತೀರಿ?" ಎಂದಳು ಹೆಂಡತಿ. ಏನಂತ ಹೇಳಲಿ?

ವಹಿನಿ ಎಂದರೆ ಅತ್ತಿಗೆ, ಸ್ವಂತ ಅತ್ತಿಗೆಯೇನಲ್ಲ. ಅಥಣಿಯ ನಮ್ಮ ಓಣಿಗೆ ಕೊಲ್ಲಾಪುರದ ಕಡೆಯಿಂದ ಸೊಸೆಯಾಗಿ ಬಂದವರು. ನನ್ನ ಹಾಗೆ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಮದುವೆಗೆ ಮುಂಚೆ ಕಂಪ್ಯೂಟರ್ ಕಲಿಸುತ್ತಿದ್ದರಂತೆ. ತವರಿನಿಂದ ಪಾತ್ರೆ ಪಗಡದ ಜೊತೆ ಮಾತಾಡುವ ಕಂಪ್ಯೂಟರನ್ನೂ ತಂದಿದ್ದರು. ಓಣಿಯ ಹೆಂಗಸರು ಹೊಸ ಸೊಸೆಯನ್ನು ಬಿಟ್ಟು ಅದನ್ನೇ ನೋಡಲು ಬಂದರು! ನಾನೋ, ಕಣ್ಣು ಹೋದ ಮೇಲೆ ಮನೆಯಲ್ಲಿ ಗೊಣಗುತ್ತ ಬಿದ್ದಿರುತ್ತಿದ್ದೆ. "ಭಾವಜಿ, ಅಲ್ಲೆ ಕುಂತು ಅವ್ವನ ತಲಿ ತಿನ್ನೂದಕ್ಕಿಂತ ಇಲ್ಲೆ ಬರ್ರಿ" ಎಂದು ವಹಿನಿಯೇ ಕರೆದು ಕೀಲಿಮಣೆಯ ಮುಂದೆ ಕೂರಿಸಿದರು.

ಅವರ ಪದ್ಧತಿಯೇ ಬೇರೆ. ಬರಹದ ಹಾಳೆಯಂಥ ಒಂದು ಟೆಕ್ಸ್ಟ್ ಎಡಿಟರ್ ತೆರೆದು ಎಲ್ಲವನ್ನೂ ಅದರೊಳಗೇ ಮಾಡುವುದು. ಕಮಾಂಡ್ ಟೈಪ್ ಮಾಡಿದರೆ ಪ್ರೋಗ್ರಾಮಿನ ಉತ್ತರ ಅಲ್ಲೇ ಅಕ್ಷರವಾಗಿ ಬೀಳುತ್ತಿತ್ತು. ಇಂಗ್ಲಿಷಿನ ಒರಟು ಗಂಡುದನಿಯೊಂದು ಅದನ್ನು ಓದುತ್ತಿತ್ತು. ಆ ದನಿಗೆ ವಹಿನಿ 'ಮಾವನವರು' ಎಂದು ಹೆಸರಿಟ್ಟಿದ್ದರು. ಏನಾದರೂ ಕೆಟ್ಟರೆ ಬಾಣದ ಕೀಲಿಯಿಂದ ಮೇಲೆ ಹೋಗಿ ಸಾಲು ಸಾಲಾಗಿ ಕೇಳಬೇಕು. "ಮೊದಲನೇ ತಪ್ಪು ಹಿಡೀರಿ. ಉಳದದ್ದೆಲ್ಲಾ ಅದರ ಮರಿ" ಎನ್ನುತ್ತಿದ್ದರು. ಬೈಯುತ್ತಲೇ ಕಲಿಸಿದರು, ಪುಣ್ಯಾತ್ಗಿತ್ತಿ.

ಆ ಕಲಿಕೆಯಿಂದಲೇ ದ್ರಾಕ್ಷಿ ಬೆಳೆಗಾರರ ಸಂಘದ ಸಣ್ಣ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಮಳೆಯ ಸೂಚನೆ ಬಂದರೆ ಎಲ್ಲ ರೈತರ ಮೊಬೈಲಿಗೆ ಒಮ್ಮೆಲೇ ಸಂದೇಶ ಕಳಿಸುವುದು. "ಕಣ್ಣಿಲ್ಲದಾವ ಏನ್ ಕಳಸ್ತಾನು?" ಎಂದವರಿದ್ದರು. "ಈ ಸೀಸನ್ ನೋಡೂಣು" ಎಂದರು ಅಧ್ಯಕ್ಷರು. ಇದು ಕೈತಪ್ಪಿದರೆ ಮತ್ತೆ ಅದೇ ಮನೆ, ಅದೇ ಮೂಲೆ.

ಬೇಸಿಗೆ. ಊರೂರಲ್ಲಿ ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಒಂದು ಮಧ್ಯಾಹ್ನ, ಸಂಜೆಗೆ ಗಾಳಿಮಳೆ ಎಂಬ ಸುದ್ದಿ ಬಂತು. ಕಚೇರಿಯಲ್ಲಿದ್ದವರೆಲ್ಲ ತಂತಮ್ಮ ಶೆಡ್ಡಿಗೆ ಓಡಿದರು. ಉಳಿದವನು ನಾನೊಬ್ಬ. ಸಂದೇಶ ಬರೆದು ಪ್ರೋಗ್ರಾಮ್ ಓಡಿಸಿದೆ. ಮಾವನವರು ಎರಡು ಸಾಲು ಓದಿ ಗಪ್ಪಾದರು. ಕಾದೆ. ನಿಲ್ಲಿಸಿ ಮತ್ತೆ ಓಡಿಸಿದೆ. ಮತ್ತೆ ಗಪ್. ಕಿಟಕಿಯಿಂದ ತಂಗಾಳಿ ಬೀಸತೊಡಗಿತ್ತು. ವಹಿನಿಗೆ ಫೋನ್ ಹಚ್ಚಿದೆ.

"ಜ್ವಾಳದ ಭಕ್ರಿ ಬಡ್ಯಾಕತ್ತೇನಿ, ಲಗೂನ ಹೇಳ್ರಿ."

"ವಹಿನಿ, ಪ್ರೋಗ್ರಾಮ್ ಸತ್ತೈತ್ರಿ."

"ಸತ್ತೈತೋ, ಸುಮ್ಮ ಕುಂತೈತೋ?"

"ಎರಡಕ್ಕೂ ಏನ್ ಫರಕ್ ಐತ್ರಿ?"

"ಅರೇ ದೇವಾ! ಮಾವನವರು ಸಾಲು ಪೂರಾ ಆದಮ್ಯಾಲ ಓದಾವ್ರು. ಅದು ಅರ್ಧಾ ಸಾಲ್ ಬರದು ಏನರ ಕೇಳಿ ನಿಮ್ಮ ದಾರಿ ಕಾಯಾಕತ್ತಿದ್ರ? ಕಟ್ಟಕಡೀಕ ಹೋಗ್ರಿ. ಅಲ್ಲೇನೈತಿ, ನೀವ ಓದಸ್ರಿ."

ಕೊನೆಯ ಸಾಲಿಗೆ ಹೋಗಿ ಓದಿಸಿದೆ. ಸಂದೇಶ ಉದ್ದವಾಗಿದೆ, ಎರಡು ತುಂಡಾಗಿ ಹೋಗುತ್ತದೆ, ಕಳಿಸಲೇ, ಹೌದೋ ಅಲ್ಲವೋ... ಅಯ್ಯೋ ನನ್ನ ಕರ್ಮವೇ! ಅದು ಪಾಪ ಮರ್ಯಾದೆಯಿಂದ ಕೇಳುತ್ತ ಕುಳಿತಿದೆ, ನಾನು ಅದರ ಕುತ್ತಿಗೆ ಹಿಚುಕುತ್ತಿದ್ದೇನೆ. ಹೌದು ಎಂದು ಒತ್ತಿದೆ. ಮಾವನವರು ಹೋದ ಸಂದೇಶಗಳ ಸಾಲನ್ನು ಪಟಪಟ ಓದತೊಡಗಿದರು. ಅಷ್ಟು ಇಂಪಾದ ದನಿಯನ್ನು ನಾನು ಮತ್ತೆ ಕೇಳಿಲ್ಲ.

ಸಂಜೆ ಮಳೆ ಜಡಿಯುವಷ್ಟರಲ್ಲಿ ಶೆಡ್ಡುಗಳಿಗೆ ತಾಡಪತ್ರಿಯ ಹೊದಿಕೆ ಇಳಿದಿತ್ತು. ಮರುದಿನ ಅಧ್ಯಕ್ಷರು ನನ್ನ ಮೇಜಿನ ಮೇಲೆ ಮನೂಕದ ಚೀಲ ಇಟ್ಟು, "ಇನ್ ಮ್ಯಾಲ ಈ ಕುರ್ಚಿ ನಿಂದ" ಎಂದರು. ಚೀಲವನ್ನು ವಹಿನಿಗೆ ಒಯ್ದುಕೊಟ್ಟೆ. ಒಂದು ಬಾಯಿಗೆ ಹಾಕಿಕೊಂಡು, "ಇನ್ನೂ ಒಂದಿನಾ ಒಣಗಬೇಕಿತ್ತು" ಎಂದರು. ಆಮೇಲೆ ಇಡೀ ಚೀಲ ಖಾಲಿ ಮಾಡಿದರು, ಅದು ಬೇರೆ ಮಾತು.

ಕೆಲವು ವರ್ಷಗಳ ಮೇಲೆ ಅವರಿಗೆ ಜಡ್ಡಾಯಿತು. ಮಿರಜದ ಆಸ್ಪತ್ರೆಗೆ ನೋಡಲು ಹೋದಾಗ ದನಿ ಪೂರ್ತಿ ಸೋತಿತ್ತು. ನಾನು ಬಂದಿದ್ದೇನೆಂದು ಹೇಳಿದೆ, ಉತ್ತರವಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ನಿದ್ದಿ ಹತ್ತೇತಿ, ನಡೀರಿ" ಎಂದು ಜೊತೆಗಿದ್ದವರು ಎದ್ದರು. ನಾನು ಏಳಲಿಲ್ಲ. ಸುಮ್ಮನಿದ್ದಾರೆ ಎಂದರೆ ಏನೋ ಕೇಳುತ್ತಿರಬಹುದು... ಬಗ್ಗಿ ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ.

"...ಚಹಾ ಕುಡದ್ರಿ?"

"ಇಲ್ರಿ ವಹಿನಿ."

"ಮೊದಲ ಕುಡೀರಿ. ಆಮ್ಯಾಲ ಅಳೂವಂತ್ರಿ."

ನನ್ನ ಕಿವಿಗೆ ಬಿದ್ದ ಅವರ ಕೊನೆಯ ಮಾತು ಅದೇ. ಆ ವಾರವೇ ಹೋದರು. ಈಗಲೂ ಕಂಪ್ಯೂಟರ್ ಗಪ್ಪಾದಾಗ ನನ್ನ ಬೆರಳು ತಾನಾಗಿ ಕಟ್ಟಕಡೆಯ ಸಾಲಿಗೆ ಹೋಗುತ್ತದೆ. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಗೋಡೆಯಾಚೆಯಿಂದ ಭಕ್ರಿ ಬಡಿಯುವ ಸಪ್ಪಳ ಬಂದರೆ ಒಂದು ಗಳಿಗೆ ಕೈ ನಿಲ್ಲುತ್ತದೆ.

ನಿನ್ನೆ ಆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಹೆಂಡತಿ ಮತ್ತೇನೂ ಕೇಳದೆ ಚಹಾ ತಂದು ಕೈಗಿಟ್ಟಳು. ಮೊದಲು ಕುಡಿದೆ.