ಆಯೇರಿ ಸೀರೆಗೆ ಬಂದ ಗಿರಾಕಿ

ಮೊಬೈಲ್‌ನಲ್ಲಿ ಫೋಟೊ ನೋಡಿ ಸೀರೆ ಕೊಳ್ಳಲು ಬಂದ ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟುಬಿಟ್ಟೆ. ಬಂದವಳು ಹಾರೂಗೇರಿಯಲ್ಲಿರುವ ನನ್ನ ಮೈದುನನ ಹೆಂಡತಿ. ನಾನು ಮಾರಲು ಇಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ನನ್ನ ಮಗಳ ಮದುವೆಯಲ್ಲಿ ನನಗೆ ಆಯೇರಿ ಮಾಡಿ, ಉಡುಗೊರೆಯಾಗಿ ಕೊಟ್ಟವಳೂ ಅವಳೇ.

ಬೀಗರು, ನೆಂಟರು ಕೊಟ್ಟ ಸೀರೆಗಳಿಂದ ನನ್ನ ಕಪಾಟಿನ ಬಾಗಿಲು ಹಾಕಲು ಬರುತ್ತಿರಲಿಲ್ಲ. ಮನೆಮಂದಿಗೆ ಗೊತ್ತಾಗಬಾರದೆಂದು ಫೋಟೊ ಕೆಳಗೆ ಚಿಕ್ಕೋಡಿಯ ಗೆಳತಿಯ ನಂಬರ್ ಹಾಕಿ, ಅವಳ ಮನೆಯಲ್ಲೇ ವ್ಯಾಪಾರಕ್ಕೆ ಕೂತಿದ್ದೆ. ಸೀರೆ ನನ್ನ ತೊಡೆಯ ಮೇಲೇ ಇತ್ತು. ಸುಳ್ಳು ಹೇಳಲು ದಾರಿಯೇ ಇರಲಿಲ್ಲ.

ನೋಡಿದರೆ ಅವಳೇ ನನಗಿಂತ ಹೆಚ್ಚು ನಾಚಿಕೊಂಡಿದ್ದಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಅಂಗಡ್ಯಾಗ ಈ ಸೀರಿ ಮ್ಯಾಲ ನನಗ ಭಾಳ ಮನಸ್ಸಾಗಿತ್ತು. ಹಿರೇರಿಗೆ ಚಲೋದ್ದ ಕೊಡಬೇಕಂತ ನಿಮಗ ಕೊಟ್ಟಿದ್ನಿ. ಫೋಟೊ ನೋಡಿ, ಅಂಥಾದ್ದ ಇನ್ನೊಂದು ಸಿಕ್ತಂತ ಓಡಿ ಬಂದೀನ್ರಿ."

ನನಗೆ ಥಟ್ಟನೆ ಒಂದು ನೇರಳೆ ಸೀರೆ ನೆನಪಾಯಿತು. ನಾನು ಉಡಬೇಕೆಂದು ಆಸೆಪಟ್ಟಿದ್ದ ಅದನ್ನು ಅವಳ ಮನೆಯ ವಾಸ್ತುಶಾಂತಿಗೆ ಹೊಟ್ಟೆ ಉರಿಸಿಕೊಂಡೇ ಕೊಟ್ಟಿದ್ದೆ. ಅದನ್ನು ಉಟ್ಟೆಯಾ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಅದರ ಮಡಿಕಿ ಸೈತ ಬಿಚ್ಚಿಲ್ರಿ" ಎಂದಳು.

ಮರುವಾರವೇ ಸೀರೆಗಳು ಅದಲುಬದಲಾದವು. ಕಪಾಟಿನ ಬಾಗಿಲು ಇನ್ನೂ ಹಾಕಲು ಬರುತ್ತಿಲ್ಲ. ಆದರೆ ಅಂದಿನಿಂದ ಯಾರಿಗೇ ಆಯೇರಿ ಮಾಡುವುದಿದ್ದರೂ ನನಗೆ ಒಪ್ಪುವ ಬಣ್ಣವನ್ನೇ ಆರಿಸುತ್ತೇನೆ. ತಿರುಗಿ ಬಂದರೂ ಬರಬಹುದು.