ಖರ್ಚು ನಂದು

ಚಿತ್ತಾಪುರದ ಧಾನ್ಯದ ವ್ಯಾಪಾರಿ ಅಂಬಾರಾಯರನ್ನು ಉದಾರ ಮಾತಿನಲ್ಲಿ ಮೀರಿಸುವವರಿರಲಿಲ್ಲ. ಪರೀಕ್ಷೆ ಪಾಸಾದವರನ್ನೆಲ್ಲ ಅಂಗಡಿಗೆ ಕರೆದು, ಚಹಾ ತರಿಸಿ, "ವಿಲಾಯತಿಗೆ ಹೋಗ್ರಿ, ಖರ್ಚು ನಂದು" ಎನ್ನುತ್ತಿದ್ದರು. ಎರಡನೇ ತರಗತಿಯ ಮಕ್ಕಳಿಗೂ ಈ ವರ ಸಿಕ್ಕಿತ್ತು. ಯಾರೂ ಹೋಗುವುದಿಲ್ಲವೆಂಬ ಧೈರ್ಯ ಅವರಿಗೆ. ಆದರೆ ಉರ್ದು ಶಾಲೆಯ ಮಾಸ್ತರರ ಮಗಳು ನಜಮುನ್ನೀಸಾಗೆ ಲಂಡನ್ನಿನಲ್ಲಿ ಡಾಕ್ಟರಿ ಓದಲು ಸೀಟು ಸಿಕ್ಕಿತು. ಫೀಸನ್ನು ಹೈದರಾಬಾದ್ ಸರ್ಕಾರ ಕೊಡಲು ಒಪ್ಪಿತ್ತು. ಹಡಗಿನ ಖರ್ಚು ಉಳಿದಿತ್ತು. ಅದನ್ನು ಕೇಳಲು ಅವಳು ಅಂಗಡಿಗೆ ಬಂದಾಗಲೆಲ್ಲ ಅಂಬಾರಾಯರು ತೊಗರಿಚೀಲಗಳ ಹಿಂದೆ ಅಡಗುತ್ತಿದ್ದರು, ಹೆಂಡತಿ ಶಿವಕಾಂತಮ್ಮ "ಊರಾಗಿಲ್ಲವ್ವಾ" ಎನ್ನುತ್ತಿದ್ದಳು. ಒಂದು ದಿನ ಚೀಲಗಳ ಹಿಂದಿನಿಂದ ಕೆಮ್ಮು ಕೇಳಿತು. ಹುಡುಗಿ ತಲೆ ತಗ್ಗಿಸಿದಳು. "ಸಾಹುಕಾರ್ರಿಗೆ ಹೇಳ್ರಿ ಅಮ್ಮಾ, ನಾ ಹೋಗೋದು ಬಿಟ್ಟೀನಿ. ಆ ಧೂಳಿನ್ಯಾಗ ಭಾಳ ಹೊತ್ತು ಕುಂದ್ರಬ್ಯಾಡ್ರಿ ಅನ್ರಿ." ಅವಳು ಹೋದ ಮೇಲೂ ಅಂಬಾರಾಯರು ಸಂಜೆತನಕ ಹೊರಗೆ ಬರಲಿಲ್ಲ, ಶಿವಕಾಂತಮ್ಮನೂ ಕರೆಯಲಿಲ್ಲ.